ಉಪಚಾರಕ್ಕೊಂದು ಮಾತು, ವಿನೋದಕ್ಕೊಂದು ಮಾತು

ಇಂಗ್ಲಿಷಿನಲ್ಲಿ ‘ಎಂಟರ್‌ಟೇನ್’ ಎಂಬ ಒಂದು ಕ್ರಿಯಾಪದವುಂಟು. ಮನೆಗೆ ಬಂದವರನ್ನು ಕೂರಿಸಿ ಊಟೋಪಚಾರ ಮಾಡಿದರೂ ಆ ಮಾತೇ. ಸಭೆಯ ಮುಂದೆ ನಿಂತು ಹಾಡಿ, ಕುಣಿದು, ನಾಲ್ಕು ಜನರನ್ನು ನಗಿಸಿದರೂ ಆ ಮಾತೇ. ‘ನಿನ್ನೆ ರಾತ್ರಿ ಅವರು ನಮ್ಮನ್ನು ಎಂಟರ್‌ಟೇನ್ ಮಾಡಿದರು’ ಎಂದು ಒಬ್ಬ ಇಂಗ್ಲಿಷಿನವನು ಹೇಳಿದನೆನ್ನಿ. ಅವನಿಗೆ ಬಡಿಸಿದ್ದು ಊಟವೋ, ಕೇಳಿಸಿದ್ದು ಸಂಗೀತವೋ, ಮುಂದಿನ ಮಾತು ಕಿವಿಗೆ ಬೀಳುವ ತನಕ ತಿಳಿಯದು. ಈ ಪದ ಲ್ಯಾಟಿನ್ನಿನಿಂದ ಫ್ರೆಂಚಿಗೆ, ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು. ಮೂಲದಲ್ಲಿ ‘ನಡುವೆ ಹಿಡಿದುಕೊಳ್ಳುವುದು’ ಎಂದರ್ಥ. ಬಂದವನನ್ನು ನಮ್ಮ ನಡುವೆ ಹಿಡಿದಿಟ್ಟುಕೊಳ್ಳುವುದಕ್ಕೆ ಊಟವೂ ಆದೀತು, ಆಟವೂ ಆದೀತು. ಇಂಗ್ಲಿಷಿನವರು ಎರಡನ್ನೂ ಒಂದೇ ಚೀಲಕ್ಕೆ ತುಂಬಿದರು.

ಈ ವಾಕ್ಯವನ್ನು ಗ್ರೀಕ್ ಭಾಷೆಗೆ ತಿರುಗಿಸಹೊರಟವನಿಗೆ ಆ ಅನುಕೂಲವಿಲ್ಲ. ಗ್ರೀಕಿನಲ್ಲಿ ಉಪಚಾರದ ಮಾತೇ ಬೇರೆ, ವಿನೋದದ ಮಾತೇ ಬೇರೆ. ಅಷ್ಟಕ್ಕೇ ಮುಗಿಯಲಿಲ್ಲ. ಉಪಚಾರದಲ್ಲಿ ಮೂರು ನಾಲ್ಕು ಬಗೆ, ವಿನೋದದಲ್ಲಿ ಮತ್ತೆ ಎರಡು ಮೂರು ಬಗೆ. ನಿಘಂಟು ಇವನ್ನೆಲ್ಲ ಸಾಲಾಗಿ ಮುಂದಿಟ್ಟು ಸುಮ್ಮನಾಗುತ್ತದೆ. ಆರಿಸುವ ಹೊಣೆ ಅನುವಾದಕನದು. ಈ ಹೊತ್ತು ನಾನು ತಮ್ಮ ಮುಂದೆ ಇಡಬೇಕೆಂದಿರುವ ವಿಷಯ ಇಷ್ಟೆ: ಆ ಆಯ್ಕೆ ಬರಿಯ ಶಬ್ದದ ಆಯ್ಕೆಯಲ್ಲ, ಬಾಗಿಲಿಗೆ ಬಂದವನನ್ನು ನಾವು ಯಾರೆಂದು ಬಗೆದಿದ್ದೇವೆ ಎಂಬುದರ ತೀರ್ಮಾನವೂ ಹೌದು.

ಗ್ರೀಕರು ಕನ್ನಡಿಗರಿಗೆ ತೀರ ಅಪರಿಚಿತರೇನಲ್ಲ. ಬಿ. ಎಂ. ಶ್ರೀಕಂಠಯ್ಯನವರು ಸೋಫೋಕ್ಲೀಸನ ನಾಟಕವೊಂದನ್ನು ‘ಅಶ್ವತ್ಥಾಮನ್’ ಎಂದೂ, ಈಸ್ಕಿಲಸನ ನಾಟಕವೊಂದನ್ನು ‘ಪಾರಸಿಕರು’ ಎಂದೂ ಕನ್ನಡಕ್ಕೆ ತಂದು ನಮಗೆ ಆ ಜನದ ನೆಂಟಸ್ತನವನ್ನು ಮಾಡಿಸಿಕೊಟ್ಟರು. ಸಂಸ್ಕೃತವನ್ನು ಸ್ವಲ್ಪ ಬಲ್ಲವರಿಗೆ ಗ್ರೀಕಿನ ಎಷ್ಟೋ ಮಾತುಗಳು ದೂರದ ದಾಯಾದಿಗಳಂತೆ ಕಾಣುತ್ತವೆ. ಆ ಧೈರ್ಯದಿಂದಲೇ ಮುಂದೆ ಹೋಗೋಣ.

ಮೊದಲು ಉಪಚಾರ. ಗ್ರೀಕಿನಲ್ಲಿ ‘ಕ್ಸೆನೊಸ್’ ಎಂಬ ಒಂದು ಪದವಿದೆ. ಅದಕ್ಕೆ ಪರದೇಶದವನು, ಅಪರಿಚಿತ ಎಂದರ್ಥ. ಅತಿಥಿ ಎಂದೂ ಅರ್ಥ. ಪ್ರಾಚೀನ ಗ್ರೀಕಿನಲ್ಲಿ ಅತಿಥಿಗೆ ಮನೆ ತೆರೆದುಕೊಟ್ಟ ಯಜಮಾನನೂ ‘ಕ್ಸೆನೊಸ್’ ಎನಿಸಿಕೊಂಡದ್ದುಂಟು. ಇಂದು ನೀನು ನನ್ನ ಮನೆಗೆ ಬಂದೆ, ನಾಳೆ ನಾನು ನಿನ್ನ ಊರಿಗೆ ಬಂದೇನು. ಇಬ್ಬರೂ ಒಂದೇ ಸಂಬಂಧದ ಎರಡು ತುದಿಗಳು ಎಂಬ ಭಾವನೆ ಇಲ್ಲಿದೆ. ಈ ಪದ ಬಹು ಹಳೆಯದು. 1952ರಲ್ಲಿ ಮೈಕೇಲ್ ವೆಂಟ್ರಿಸ್ ಎಂಬ ಆಂಗ್ಲ ವಾಸ್ತುಶಿಲ್ಪಿ ಓದಿ ಬಿಡಿಸಿದ ಜೇಡಿಮಣ್ಣಿನ ಫಲಕಗಳುಂಟಲ್ಲ, ಮೂರು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನವು, ಅವುಗಳಲ್ಲಿಯೇ ಅತಿಥಿಗಳಿಗೆಂದು ಎತ್ತಿಟ್ಟ ಬಟ್ಟೆಯ ಲೆಕ್ಕವೂ ಎಣ್ಣೆಯ ಲೆಕ್ಕವೂ ಸಿಕ್ಕುತ್ತದೆ. ಅರಮನೆಯ ಕರಣಿಕ ಬರೆದ ಒಣ ಲೆಕ್ಕದಲ್ಲಿಯೂ ಅತಿಥಿಗೆ ಒಂದು ಸಾಲು!

‘ಫಿಲೊಸ್’ ಎಂದರೆ ಪ್ರಿಯ. ಇದನ್ನು ‘ಕ್ಸೆನೊಸ್’ಗೆ ಸೇರಿಸಿದರೆ ‘ಫಿಲೊಕ್ಸೆನಿಯ’ ಎಂದಾಗುತ್ತದೆ. ಇಂಗ್ಲಿಷಿನ ‘ಹಾಸ್ಪಿಟ್ಯಾಲಿಟಿ’ಗೆ ಗ್ರೀಕರು ಇಂದಿಗೂ ಹೇಳುವ ಮಾತು ಇದೇ. ಅಕ್ಷರಾರ್ಥ ನೋಡಿದರೆ ಅಪರಿಚಿತನ ಮೇಲಿನ ಪ್ರೀತಿ. ಬಂಧುವಿನ ಮೇಲಿನ ಪ್ರೀತಿಯಲ್ಲ, ಗೆಳೆಯನ ಮೇಲಿನದಲ್ಲ. ಹೆಸರು ಕುಲ ಗೊತ್ತಿಲ್ಲದವನ ಮೇಲಿನದು. ನಮ್ಮ ‘ಅತಿಥಿ’ ಶಬ್ದಕ್ಕೆ ಹಿಂದಿನವರು ಹೇಳುವ ವಿವರಣೆಯೂ ಇದರ ಹತ್ತಿರವೇ ಇದೆ. ತಿಥಿ ಗೊತ್ತುಮಾಡದೆ ಬಂದವನೇ ಅತಿಥಿ. ಹಳಗನ್ನಡದಲ್ಲಿ ಔತಣಕ್ಕೆ ‘ಬಿರ್ದು’ ಎಂಬ ಮಾತಿತ್ತು, ಅತಿಥಿಗೆ ‘ಬಿದ್ದಿನ’ ಎಂಬ ಮಾತಿತ್ತು. ಇವುಗಳ ಸೋದರಶಬ್ದವಾದ ತಮಿಳಿನ ‘ವಿರುಂದು’ವಿಗೆ ಔತಣ, ಅತಿಥಿ ಎಂಬುದರ ಜೊತೆಗೆ ‘ಹೊಸತು’ ಎಂಬ ಅರ್ಥವೂ ಉಂಟು. ಹೊಸಬನೇ ಅತಿಥಿ. ಗ್ರೀಕನೂ ದ್ರಾವಿಡನೂ ಇಲ್ಲಿ ಒಂದೇ ಜಗಲಿಯ ಮೇಲೆ ಕುಳಿತಂತಾಯಿತು.

ಹೋಮರನ ಕಾವ್ಯಗಳಲ್ಲಿ ಈ ಧರ್ಮದ ವಿಧಿಗಳು ಸ್ಪಷ್ಟವಾಗಿವೆ. ಬಂದವನಿಗೆ ಮೊದಲು ನೀರು, ಆಸನ, ಊಟ. ನಿನ್ನ ಹೆಸರೇನು, ಊರು ಯಾವುದು ಎಂಬ ಪ್ರಶ್ನೆ ಆಮೇಲೆ. ‘ಒಡಿಸ್ಸಿ’ಯಲ್ಲಿ ಮುದುಕ ನೆಸ್ಟರ್ ತನ್ನ ಸಮುದ್ರತೀರಕ್ಕೆ ಬಂದ ತರುಣ ಟೆಲಿಮಾಕಸನನ್ನು ಕೇಳುವುದು ಊಟವಾದ ಬಳಿಕವೇ. ‘ಇಲಿಯಡ್’ನಲ್ಲಿ ರಣರಂಗದ ನಡುವೆ ಎದುರುಬದುರಾದ ಇಬ್ಬರು ವೀರರು, ತಮ್ಮ ತಾತಂದಿರು ಒಬ್ಬರಿಗೊಬ್ಬರು ಅತಿಥಿಗಳಾಗಿದ್ದರೆಂದು ತಿಳಿದು ಆಯುಧವನ್ನು ಕೆಳಗಿಟ್ಟು ಕವಚಗಳನ್ನು ಬದಲಿಸಿಕೊಳ್ಳುತ್ತಾರೆ. ಒಬ್ಬನದು ಚಿನ್ನದ ಕವಚ, ನೂರು ಎತ್ತಿನ ಬೆಲೆಯದು. ಇನ್ನೊಬ್ಬನದು ಕಂಚಿನದು, ಒಂಬತ್ತು ಎತ್ತಿನ ಬೆಲೆಯದು. ಅತಿಥಿಧರ್ಮವನ್ನು ಕಾಯುವ ದೈವ ಸಾಕ್ಷಾತ್ ಜೀಯಸ್. ಆ ಪಾತ್ರದಲ್ಲಿ ಅವನಿಗೆ ‘ಕ್ಸೆನಿಯೊಸ್’ ಎಂದು ಬಿರುದು. ಈ ಬಿರುದನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು; ಮಾತಿನ ಕೊನೆಯಲ್ಲಿ ಅದು ಮತ್ತೆ ಬೇಕಾಗುತ್ತದೆ.

ಇಂಗ್ಲಿಷ್ ಮಾತಿಗೂ ಗ್ರೀಕ್ ಮಾತಿಗೂ ಇರುವ ಅಂತರ ಒಂದು ಹಳೆಯ ಅನುವಾದದಲ್ಲಿಯೇ ಕಾಣಿಸುತ್ತದೆ. ಬೈಬಲ್ಲಿನ ಹೊಸ ಒಡಂಬಡಿಕೆಯ ಮೂಲ ಗ್ರೀಕಿನಲ್ಲಿದೆ. ಅದರಲ್ಲಿ ಇಬ್ರಿಯರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯದ ಆರಂಭದಲ್ಲಿ ‘ಫಿಲೊಕ್ಸೆನಿಯ’ವನ್ನು ಮರೆಯಬೇಡಿರೆಂಬ ಉಪದೇಶ ಬರುತ್ತದೆ. 1611ರಲ್ಲಿ ಇಂಗ್ಲೆಂಡಿನ ಪಂಡಿತರು ಅದನ್ನು ಇಂಗ್ಲಿಷಿಗೆ ತಂದಾಗ ಅಲ್ಲಿ ಬಳಸಿದ ಕ್ರಿಯಾಪದ ‘ಎಂಟರ್‌ಟೇನ್’. ಆದರೆ ಅಷ್ಟಕ್ಕೆ ಅರ್ಥ ಸಾಲದೆಂದು ‘ಅಪರಿಚಿತರನ್ನು’ ಎಂದು ಬೇರೊಂದು ಮಾತನ್ನು ಜೊತೆಗೂಡಿಸಬೇಕಾಯಿತು. ಗ್ರೀಕಿನಲ್ಲಿ ಒಂದೇ ಪದದೊಳಗೆ ಇದ್ದ ಅಪರಿಚಿತ ಇಂಗ್ಲಿಷಿನಲ್ಲಿ ಹೊರಗೆ ಬಂದು ನಿಂತ. ಕಾಲಕ್ರಮದಲ್ಲಿ ಇಂಗ್ಲಿಷ್ ಕ್ರಿಯಾಪದ ಅವನನ್ನು ಬಿಟ್ಟು ನಾಟಕಶಾಲೆಗೆ, ಸಿನಿಮಾಕ್ಕೆ ಹೋಯಿತು.

‘ಹಾಸ್ಪಿಟ್ಯಾಲಿಟಿ’ಯ ವಂಶವೃಕ್ಷವೂ ಸ್ವಾರಸ್ಯವಾದದ್ದು. ಲ್ಯಾಟಿನ್ನಿನ ‘ಹೋಸ್ಪೆಸ್’ ಎಂದರೆ ಅತಿಥಿಯೂ ಹೌದು, ಆತಿಥೇಯನೂ ಹೌದು. ಇಂಗ್ಲಿಷಿನ ಹೋಟೆಲು, ಹಾಸ್ಟೆಲು, ಹಾಸ್ಪಿಟಲು ಮೂರೂ ಆ ಬೇರಿನ ಕೊಂಬೆಗಳು. ಗ್ರೀಕರು ಈ ಮೂರಕ್ಕೂ ತಮ್ಮದೇ ಪದಗಳನ್ನು ಕಟ್ಟಿಕೊಂಡರು. ಹೋಟೆಲಿಗೆ ‘ಕ್ಸೆನೊದೊಖಿಯೊ’, ಅಂದರೆ ಪರದೇಶದವನನ್ನು ಬರಮಾಡಿಕೊಳ್ಳುವ ಸ್ಥಳ. ಹಾಸ್ಟೆಲಿಗೆ, ಅತಿಥಿಗೃಹಕ್ಕೆ ‘ಕ್ಸೆನೊನಾಸ್’. ಆಸ್ಪತ್ರೆ ಮಾತ್ರ ಬೇರೆ ದಾರಿ ಹಿಡಿದು ‘ನೊಸೊಕೊಮಿಯೊ’, ರೋಗಿಯ ಆರೈಕೆಯ ಮನೆ, ಎನಿಸಿತು. ಹಿಂದೆ ಇವು ಒಂದೇ ಸೂರಿನಡಿ ಇದ್ದವು. ನಾಲ್ಕನೆಯ ಶತಮಾನದಲ್ಲಿ ಕೈಸರೇಯ ಪಟ್ಟಣದ ಬಿಷಪ್ ಬೇಸಿಲ್ ಕಟ್ಟಿಸಿದ ಧರ್ಮಸಂಸ್ಥೆಯಲ್ಲಿ ದಾರಿಹೋಕರಿಗೂ ಬಡವರಿಗೂ ರೋಗಿಗಳಿಗೂ ಒಟ್ಟಿಗೆ ಆಶ್ರಯವಿತ್ತು. ಆಗ ‘ಕ್ಸೆನೊದೊಖಿಯೊ’ ಎಂದರೆ ನಮ್ಮ ಛತ್ರದಂತೆ. ಈಗ ಅದೇ ಬೋರ್ಡಿನ ಕೆಳಗೆ ಕೋಣೆಯ ಬಾಡಿಗೆಯ ಪಟ್ಟಿ ತೂಗುತ್ತದೆ.

ಇನ್ನೂ ಒಂದು ಪದವಿದೆ: ‘ಪಂದೊಖಿಯೊ’. ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುವ ಮನೆ ಎಂದರ್ಥ. ಕಳ್ಳರಿಂದ ಗಾಯಗೊಂಡ ಪ್ರಯಾಣಿಕನನ್ನು ಒಳ್ಳೆಯ ಸಮಾರ್ಯದವನು ಕರೆದೊಯ್ದು ಇಳಿಸಿದ್ದು ಇಂಥ ಮನೆಯಲ್ಲಿ. ಲೂಕನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಇರುವುದು ಈ ಪದವೇ. ಇದು ಅರಬ್ಬಿಗೆ ಹೋಗಿ ‘ಫುಂದುಕ್’ ಆಯಿತು, ಇಟಲಿಗೆ ಹೋಗಿ ‘ಫೊಂದಾಕೊ’ ಆಯಿತು. ವರ್ತಕರು ಎಲ್ಲೆಲ್ಲಿ ಸರಕು ಇಳಿಸಿದರೋ ಅಲ್ಲೆಲ್ಲ ಈ ಮಾತೂ ಇಳಿಯಿತು. ಇಂದಿನ ಗ್ರೀಕಿನಲ್ಲಿ ಇದನ್ನು ಹಳೆಯ ಕಾಲದ ಸರಾಯಿಗೆ, ಕಥೆಯಲ್ಲಿ ಬರುವ ತಂಗುಮನೆಗೆ ಹೇಳುತ್ತಾರೆ. ಈ ಕಾಲದ ದೊಡ್ಡ ಹೋಟೆಲಿನ ವರ್ಣನೆಯಲ್ಲಿ ಇದನ್ನು ಹಾಕಿದರೆ ಓದುವವನಿಗೆ ಲಾಂದ್ರದ ವಾಸನೆ ಬಂದೀತು.

ಇನ್ನು ಮನುಷ್ಯರ ವಿಷಯ. ಮನೆಯ ಯಜಮಾನನಾಗಿ ಅತಿಥಿಯನ್ನು ಎದುರುಗೊಳ್ಳುವವನು ‘ಇಕೊದೆಸ್ಪೊತಿಸ್’. ನಮ್ಮ ಪಂಡಿತರಿಗೆ ಈ ಪದ ಸಂತೋಷ ಕೊಡುತ್ತದೆ. ಇದರ ಮೊದಲ ಭಾಗವಾದ ‘ಓಯ್ಕೊಸ್’, ಮನೆ, ಸಂಸ್ಕೃತದ ‘ವೇಶ’ಕ್ಕೂ ‘ವೇಶ್ಮ’ಕ್ಕೂ ಸಂಬಂಧಿ. ಎರಡನೆಯ ಭಾಗ ವೇದದ ‘ದಂಪತಿ’ಯ ಸೋದರ. ದಂಪತಿ ಎಂದರೆ ಮೊದಲು ಗಂಡಹೆಂಡಿರು ಎಂದಲ್ಲ, ಮನೆಯೊಡೆಯ ಎಂದು. ಅತಿಥಿಗೆ ‘ಫಿಲೊಕ್ಸೆನುಮೆನೊಸ್’ ಎಂಬ ಉದ್ದನೆಯ ಗ್ರಾಂಥಿಕ ಪದವೊಂದು. ಕರೆಯೋಲೆ ಪಡೆದು ಬಂದವನಿಗೆ ‘ಕಲೆಸ್ಮೆನೊಸ್’. ಹೋಟೆಲಿಗೆ ಹಣ ಕೊಟ್ಟು ಬಂದವನಿಗೆ ‘ಪೆಲಾತಿಸ್’, ಎಂದರೆ ಗಿರಾಕಿ. ಇಂಗ್ಲಿಷ್ ಹೋಟೆಲುಗಳು ಗಿರಾಕಿಯನ್ನೂ ‘ಗೆಸ್ಟ್’ ಎಂದು ಕರೆದು ಮನಸ್ಸಿಗೆ ಹಿತ ಮಾಡುತ್ತವೆ. ಗ್ರೀಕ್ ಅನುವಾದಕ ಇಲ್ಲಿ ನಿಂತು ಯೋಚಿಸಬೇಕು. ಹಣ ಕೈಬದಲಾದರೆ ಗಿರಾಕಿ, ಇಲ್ಲವಾದರೆ ಅತಿಥಿ.

ಮನೆಯ ಮಾತಿನಲ್ಲಿ ಅತಿಥಿಗೆ ‘ಮುಸಾಫಿರಿಸ್’ ಎಂಬ ಇನ್ನೊಂದು ಪದವೂ ಉಂಟು. ಇದು ನಮಗೆ ಹಳೆಯ ಪರಿಚಯ. ನಮ್ಮ ಪಟ್ಟಣಗಳ ಮುಸಾಫಿರಖಾನೆಗಳು ನೆನಪಾಗುತ್ತವೆಯಲ್ಲವೆ? ಅರಬ್ಬಿಯಲ್ಲಿ ಪ್ರಯಾಣಿಕ ಎಂದಿದ್ದ ಪದ ತುರ್ಕಿಯ ಮೂಲಕ ಗ್ರೀಸಿಗೆ ಹೋಗಿ ಅತಿಥಿಯಾಯಿತು, ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದು ಧರ್ಮಶಾಲೆಯಾಯಿತು. ಹೀಗಿದ್ದರೂ ಎಲ್ಲ ಗ್ರೀಕರೂ ಇಂಥ ಮಾತುಗಳನ್ನು ಸುಲಭವಾಗಿ ಒಪ್ಪಲಿಲ್ಲ. ನಾಲ್ಕು ಶತಮಾನಗಳ ಕಾಲ ತುರ್ಕರ ಆಳ್ವಿಕೆಯಲ್ಲಿದ್ದ ದೇಶ ಸ್ವತಂತ್ರವಾಗುವ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ವಿದ್ವಾಂಸ ಅದಮಾಂತಿಯೊಸ್ ಕೊರಾಯಿಸ್ ಮತ್ತು ಅವನ ಹಾದಿಯವರು ಭಾಷೆಯನ್ನು ಪರಿಷ್ಕರಿಸಬೇಕೆಂದರು. ಹೊರಗಿನ ಪದಗಳನ್ನು ಬಿಟ್ಟು, ಪ್ರಾಚೀನ ಪದಗಳನ್ನು ಎತ್ತಿ ತಂದು ಕಟ್ಟಿದ ಆ ಗ್ರಾಂಥಿಕ ಭಾಷೆಯೊಂದು ಕಡೆ, ಜನರ ಆಡುನುಡಿಯೊಂದು ಕಡೆ. ಇವೆರಡರ ಕಲಹ ಎಷ್ಟು ತೀವ್ರವಾಗಿತ್ತೆಂದರೆ, 1901ರ ನವೆಂಬರಿನಲ್ಲಿ, ಮತ್ತಾಯನ ಸುವಾರ್ತೆಯನ್ನು ಆಡುನುಡಿಗೆ ಅನುವಾದಿಸಿ ಪತ್ರಿಕೆಯಲ್ಲಿ ಪ್ರಕಟಿಸಿದ್ದಕ್ಕಾಗಿ ಅಥೆನ್ಸಿನ ಬೀದಿಗಳಲ್ಲಿ ಗಲಭೆಯಾಗಿ ಎಂಟು ಮಂದಿ ಸತ್ತರು. ಅನುವಾದದ ಪ್ರಶ್ನೆ ಅಲ್ಲಿ ಪ್ರಾಣದ ಪ್ರಶ್ನೆಯಾಗಿತ್ತು. ಆಡುನುಡಿಯೇ ಶಿಕ್ಷಣದ ಭಾಷೆಯೆಂದು ಕಾನೂನಾದದ್ದು 1976ರಲ್ಲಿ. ಆದ್ದರಿಂದ ಇಂದಿಗೂ ‘ಮುಸಾಫಿರಿಸ್’ ಎಂದು ಬರೆದರೆ ಅಡಿಗೆಮನೆಯ ಆತ್ಮೀಯತೆ ಬರುತ್ತದೆ, ‘ಫಿಲೊಕ್ಸೆನುಮೆನೊಸ್’ ಎಂದರೆ ಕಚೇರಿಯ ಗಾಂಭೀರ್ಯ ಬರುತ್ತದೆ.

ಕೆಲವು ಮಾತುಗಳು ಎದುರು ದಿಕ್ಕಿನಲ್ಲಿ ಕಷ್ಟ ಕೊಡುತ್ತವೆ. ಗ್ರೀಕಿನಲ್ಲಿ ‘ಕೆರ್ನಾಓ’ ಎಂಬ ಕ್ರಿಯಾಪದವಿದೆ. ಬಂದವರಿಗೆ ಪಾನೀಯವನ್ನೋ ಸಿಹಿಯನ್ನೋ ನಮ್ಮ ಕೈಯಿಂದ ಕೊಡುವುದು, ಅಂಗಡಿಯಲ್ಲಾದರೆ ಅವರ ಲೆಕ್ಕವನ್ನು ನಾವೇ ತೀರಿಸುವುದು ಎಂದು ಇದರ ಭಾವ. ಇಂಗ್ಲಿಷಿನಲ್ಲಿ ಇಷ್ಟೆಲ್ಲ ಛಾಯೆಗಳನ್ನು ಒಂದೇ ಪದದಲ್ಲಿ ಹಿಡಿಯುವುದು ಸುಲಭವಲ್ಲ. ಇದು ಪ್ರಾಚೀನ ಗ್ರೀಕರು ದ್ರಾಕ್ಷಾಮದ್ಯಕ್ಕೆ ನೀರು ಬೆರೆಸುವುದಕ್ಕೆ ಹೇಳುತ್ತಿದ್ದ ಪದದಿಂದ ಬಂದದ್ದು. ಗ್ರೀಕ್ ಮನೆಗಳಲ್ಲಿ ಬಂದವರಿಗೆ ಹಣ್ಣಿನ ಪಾಕವನ್ನು ಒಂದು ಚಮಚೆ, ಜೊತೆಗೆ ಒಂದು ಲೋಟ ತಣ್ಣೀರು ಕೊಡುವ ಪದ್ಧತಿಯುಂಟು. ನಮ್ಮ ಹಳ್ಳಿಗಳ ಬೆಲ್ಲ ನೀರಿನ ನೆನಪಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟು ಉಪಚಾರದ ಮಾತಾಯಿತು. ಇನ್ನು ವಿನೋದಕ್ಕೆ ಬರೋಣ.

ಇಂಗ್ಲಿಷಿನ ‘ಎಂಟರ್‌ಟೇನ್‌ಮೆಂಟ್’, ‘ಅಮ್ಯೂಸ್‌ಮೆಂಟ್’ಗಳಿಗೆ ಗ್ರೀಕಿನಲ್ಲಿ ಮುಖ್ಯವಾಗಿ ಎರಡು ಪದಗಳು. ಒಂದು ‘ದಿಯಸ್ಕೆದಸಿ’, ಇನ್ನೊಂದು ‘ಪ್ಸಿಖಗೊಗಿಯ’. ‘ದಿಯಸ್ಕೆದಸಿ’ ಎಂದರೆ ಮೂಲದಲ್ಲಿ ಚದುರಿಸುವುದು, ದಿಕ್ಕುಪಾಲು ಮಾಡುವುದು. ಮೋಡ ಚದುರಿದಂತೆ ಮನಸ್ಸಿನ ಚಿಂತೆ ಚದುರಬೇಕು, ಅದೇ ಮೋಜು. ನಮ್ಮ ‘ವಿನೋದ’ ಶಬ್ದವನ್ನು ಬಿಡಿಸಿ ನೋಡಿದರೆ ಇದೇ ಅರ್ಥ ಹೊರಡುತ್ತದೆ. ‘ನುದ್’ ಧಾತುವಿಗೆ ತಳ್ಳು, ನೂಕು ಎಂದರ್ಥ. ‘ವಿ’ ಉಪಸರ್ಗ ಸೇರಿ ದೂರ ತಳ್ಳುವುದು. ಆಯಾಸವನ್ನು ದೂರ ನೂಕುವುದೇ ವಿನೋದ. ಸಾವಿರಾರು ಮೈಲಿ ದೂರದ ಎರಡು ಭಾಷೆಗಳು ಒಂದೇ ಅನುಭವಕ್ಕೆ ಒಂದೇ ಚಿತ್ರವನ್ನು ಹಿಡಿದಿವೆ.

‘ಪ್ಸಿಖಗೊಗಿಯ’ದ ಕಥೆ ಬೇರೆ. ‘ಪ್ಸೂಖೆ’ ಎಂದರೆ ಜೀವ, ಆತ್ಮ. ‘ಆಗೊ’ ಎಂದರೆ ನಡೆಸಿಕೊಂಡು ಹೋಗು. ನಮ್ಮ ಧಾತುಪಾಠದ ‘ಅಜ್’ ಧಾತು ಇದರ ಸಹೋದರ. ಆತ್ಮವನ್ನು ಕೈಹಿಡಿದು ನಡೆಸುವುದೇ ‘ಪ್ಸಿಖಗೊಗಿಯ’. ಮೊದಲಿಗೆ ಇದು ಸತ್ತವರ ಪ್ರೇತಗಳನ್ನು ಕರೆದು ತರುವ ಮಂತ್ರವಿದ್ಯೆಗೆ ಸಂಬಂಧಿಸಿದ ಮಾತು. ಆ ವಿದ್ಯೆಯವರ ಹೆಸರನ್ನೇ ಹೊತ್ತ ನಾಟಕವೊಂದನ್ನು ಈಸ್ಕಿಲಸ್ ಬರೆದಿದ್ದ. ಅದು ಈಗ ಪೂರ್ತಿಯಾಗಿ ಉಳಿದಿಲ್ಲ. ಪ್ಲೇಟೋ ತನ್ನ ‘ಫೀಡ್ರಸ್’ ಸಂವಾದದಲ್ಲಿ ವಾಕ್ಚಾತುರ್ಯವನ್ನು ಮಾತಿನ ಮೂಲಕ ಆತ್ಮವನ್ನು ನಡೆಸುವ ಕಲೆಯೆಂದು ವಿವರಿಸುವಾಗ ಈ ಪದವನ್ನು ಬಳಸುತ್ತಾನೆ. ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ರಂಗದ ದೃಶ್ಯವೈಭವಕ್ಕೆ ಈ ಗುಣವನ್ನು ಹೇಳುತ್ತಾನೆ. ಇಂದು ರೇಡಿಯೋ, ಟೆಲಿವಿಷನ್ನುಗಳ ಮನರಂಜನೆಯ ಕಾರ್ಯಕ್ರಮಕ್ಕೆ ಗ್ರೀಕರು ಇಡುವ ಹೆಸರು ಇದರಿಂದಲೇ ಬಂದದ್ದು. ಪ್ರೇತವನ್ನು ಎಬ್ಬಿಸುತ್ತಿದ್ದ ಮಾತು ಈಗ ಬೇಸತ್ತ ಮನಸ್ಸನ್ನು ಎಬ್ಬಿಸುತ್ತಿದೆ. ನಮ್ಮ ‘ಮನೋರಂಜನೆ’ ಇದಕ್ಕೆ ಸಮೀಪದ ಮಾತು. ಆದರೆ ನಮ್ಮದರಲ್ಲಿ ಮನಸ್ಸಿಗೆ ಬಣ್ಣ ಹತ್ತುತ್ತದೆ, ಅವರದರಲ್ಲಿ ಆತ್ಮ ಒಂದು ದಾರಿ ನಡೆಯುತ್ತದೆ.

ಈ ಎರಡು ಮಾತುಗಳ ವ್ಯತ್ಯಾಸ ಗ್ರೀಸಿನ ಪ್ರೌಢಶಾಲೆಗಳಲ್ಲಿ ಹುಡುಗರಿಗೆ ಪದೇ ಪದೇ ಕೊಡುವ ಪ್ರಬಂಧದ ವಿಷಯ. ಬರಿಯ ಮೋಜು ಯಾವುದು, ಮನಸ್ಸನ್ನು ಬೆಳೆಸುವ ಮನರಂಜನೆ ಯಾವುದು ಎಂದು ಅವರು ಬರೆಯಬೇಕು. ಮೂವತ್ತು ವರ್ಷದಿಂದ ಹುಡುಗರ ಪ್ರಬಂಧಗಳನ್ನು ತಿದ್ದುತ್ತ ಬಂದಿರುವ ನನಗೆ ಇದು ಒಳ್ಳೆಯ ವಿಷಯವೆಂದೇ ತೋರುತ್ತದೆ. ಗ್ರೀಕಿನಲ್ಲಿ ಆಟಕ್ಕೆ ‘ಪೆದಿಯಾ’, ವಿದ್ಯೆಗೆ ‘ಪೆದೀಯ’. ಎರಡೂ ‘ಮಗು’ ಎಂಬ ಒಂದೇ ಪದದಿಂದ ಹುಟ್ಟಿದವು, ಒತ್ತು ಬೀಳುವ ಕಡೆ ಮಾತ್ರ ಬೇರೆ. ಇಂಗ್ಲಿಷಿನ ‘ಸ್ಕೂಲ್’ ಗ್ರೀಕಿನ ‘ಸ್ಖೊಲೆ’ಯಿಂದ ಬಂದದ್ದು, ಅದಕ್ಕೆ ಮೊದಲ ಅರ್ಥ ಬಿಡುವು! ಮಕ್ಕಳು ಇದನ್ನು ಕೇಳಿದರೆ ನಂಬಲಾರರು.

ಇವಲ್ಲದೆ ಜನರ ಬಾಯಲ್ಲಿ ‘ಕೇಫಿ’ ಎಂಬ ಸಣ್ಣ ಮಾತೊಂದಿದೆ. ಹಾಡು, ಕುಣಿತ, ಗೆಳೆಯರ ಸಂಗ ಇವುಗಳಿಂದ ಒಳಗೆ ಉಕ್ಕುವ ಉಲ್ಲಾಸ ಅದು. ಅರಬ್ಬಿಯ ‘ಕೈಫ್’ ತುರ್ಕಿಯ ದಾರಿಯಾಗಿ ಬಂದು ‘ಕೇಫಿ’ಯಾಗಿದೆ. ಕರ್ನಲ್ ಮೆಕೆಂಜಿ ಕೂಡಿಸಿದ ಊರೂರ ‘ಕೈಫಿಯತ್ತು’ಗಳ ಹೆಸರೂ ಆ ಅರಬ್ಬಿ ಬೇರಿನದೇ. ಒಂದು ಕಡೆ ಉಲ್ಲಾಸದ ಸ್ಥಿತಿ, ಇನ್ನೊಂದು ಕಡೆ ಊರಿನ ಸ್ಥಿತಿಗತಿ! ಎಲ್ಲರೂ ಸೇರಿ ನಡೆಸುವ ಸಂತೋಷಕೂಟಕ್ಕೆ ‘ಗ್ಲೆಂದಿ’ ಎನ್ನುತ್ತಾರೆ. ಅದೂ ತುರ್ಕಿಯ ಪದ. ಕೆಲವು ಪದಗಳು ದೇಶಾಂತರ ಹೋಗಿ ವೇಷ ಬದಲಿಸಿ ತವರಿಗೆ ಮರಳಿವೆ. 1895ರಲ್ಲಿ ಫ್ರಾನ್ಸಿನ ಲುಮಿಯೇರ್ ಸೋದರರು ತಮ್ಮ ಚಲಚ್ಚಿತ್ರಯಂತ್ರಕ್ಕೆ ಇಟ್ಟ ಹೆಸರು ಗ್ರೀಕ್ ಧಾತುಗಳಿಂದ ಕಟ್ಟಿದ್ದು. ಅದು ‘ಕಿನಿಮತೊಗ್ರಾಫೊಸ್’ ಎಂದು ಗ್ರೀಸಿಗೆ ಹಿಂತಿರುಗಿತು. ತೊಟ್ಟಿಲು, ಜಾರುಬಂಡೆ, ತಿರುಗುವ ಕುದುರೆಗಳ ‘ಅಮ್ಯೂಸ್‌ಮೆಂಟ್ ಪಾರ್ಕ್’ ಎಂಬುದಕ್ಕೆ ಮಾತ್ರ ಪಂಡಿತರ ಪದ ಹಿಡಿಯಲಿಲ್ಲ. 1903ರಲ್ಲಿ ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ತೆರೆದ ಲೂನಾ ಪಾರ್ಕಿನ ಹೆಸರೇ ‘ಲೂನಾ ಪಾರ್ಕ್’ ಎಂದು ಗ್ರೀಕಿನಲ್ಲಿ ನಿಂತುಬಿಟ್ಟಿದೆ. ಜನ ಒಪ್ಪಿದ್ದೇ ಪದ.

ಹಾಗಾದರೆ ಇಂಗ್ಲಿಷಿನವರು ಉಪಚಾರವನ್ನೂ ವಿನೋದವನ್ನೂ ಒಂದೇ ಮಾತಿನಲ್ಲಿ ಹೇಳಿದ್ದು ತಪ್ಪೆ? ಹಾಗೆನ್ನುವಂತಿಲ್ಲ. ಪ್ರಾಚೀನ ಗ್ರೀಕರಲ್ಲಿಯೂ ಎರಡೂ ಒಂದೇ ಹಜಾರದಲ್ಲಿ ನಡೆಯುತ್ತಿದ್ದವು. ‘ಒಡಿಸ್ಸಿ’ಯ ಎಂಟನೆಯ ಸರ್ಗದಲ್ಲಿ ಹೆಸರು ಹೇಳದ ಅತಿಥಿಯಾಗಿ ಒಡಿಸ್ಯೂಸ್ ರಾಜ ಆಲ್ಕಿನೂಸನ ಔತಣಕ್ಕೆ ಕುಳಿತಿದ್ದಾನೆ. ಕುರುಡ ಗಾಯಕ ಟ್ರಾಯ್ ಯುದ್ಧದ ಕಥೆಯನ್ನು ಹಾಡುತ್ತಾನೆ. ಸಭೆಗೆಲ್ಲ ಸಂತೋಷ, ಆ ಯುದ್ಧದಲ್ಲಿ ನೊಂದು ಬಂದ ಅತಿಥಿಗೆ ಕಣ್ಣೀರು. ಮೇಲುಹೊದಿಕೆಯಲ್ಲಿ ಮುಖ ಮುಚ್ಚಿ ಅಳುವುದನ್ನು ಪಕ್ಕದಲ್ಲಿದ್ದ ರಾಜ ಮಾತ್ರ ಗಮನಿಸಿ, ಹಾಡನ್ನು ನಿಲ್ಲಿಸಿ ಆಟಪಂದ್ಯಗಳಿಗೆ ಎಲ್ಲರನ್ನೂ ಎಬ್ಬಿಸುತ್ತಾನೆ. ಮತ್ತೊಮ್ಮೆ ಹಾಗೆಯೇ ಆದಾಗ ಹಾಡು ಎಲ್ಲರಿಗೂ ಹಿತವಾಗುತ್ತಿಲ್ಲವೆಂದು ಬಾಯಿಬಿಟ್ಟು ಹೇಳಿ ಗಾಯಕನನ್ನು ತಡೆಯುತ್ತಾನೆ. ವಿನೋದ ದೊಡ್ಡದಲ್ಲ, ಅತಿಥಿ ದೊಡ್ಡವನು. ಎರಡು ಮಾತುಗಳು ಬೇರೆಯಾಗಿರುವುದರ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಇದಕ್ಕೆ ವಿರುದ್ಧವಾದ ಚಿತ್ರವೊಂದು ನಮ್ಮ ಕಡಲಿಗೇ ಸಂಬಂಧಿಸಿದ್ದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಪಪೈರಸ್ ಹಾಳೆಯೊಂದರಲ್ಲಿ ಗ್ರೀಕ್ ಪ್ರಹಸನವೊಂದಿದೆ. ಗ್ರೆನ್‌ಫೆಲ್ ಮತ್ತು ಹಂಟ್ ಅವರು 1903ರಲ್ಲಿ ಅದನ್ನು ಪ್ರಕಟಿಸಿದರು. ಖಾರಿಟಿಯೋನ್ ಎಂಬ ಗ್ರೀಕ್ ತರುಣಿ ಭಾರತದ ಕರಾವಳಿಯ ರಾಜನೊಬ್ಬನ ಕೈಯಲ್ಲಿ ಸಿಕ್ಕಿದ್ದಾಳೆ. ಅಣ್ಣನ ಕಡೆಯವರು ಹಡಗಿನಲ್ಲಿ ಬಂದು ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯವನ್ನು ಧಾರಾಳವಾಗಿ ಕುಡಿಸಿ, ಅವರು ಮೈಮರೆತಾಗ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ನಡುನಡುವೆ ಮದ್ದಳೆ ಬಾರಿಸುವ ಸೂಚನೆಗಳಿವೆ; ವಿದೂಷಕನ ಹಾಸ್ಯವಿದೆ. ರಾಜನ ಕಡೆಯವರ ಬಾಯಲ್ಲಿ ಬರುವ ಅನ್ಯಭಾಷೆಯ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಟ್ಸ್ ಎಂಬ ಜರ್ಮನ್ ವಿದ್ವಾಂಸರು ಸೂಚಿಸಿದರು. ನಮ್ಮ ಆರ್. ಶಾಮಶಾಸ್ತ್ರಿಗಳೂ ಅವನ್ನು ಕನ್ನಡವೆಂದೇ ಬಿಡಿಸಿ ಓದಿದರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ತುಳುವೆಂದವರುಂಟು, ಅರ್ಥವಿಲ್ಲದ ಉಲಿಯೆಂದವರೂ ಉಂಟು. ಅದೇನೇ ಇರಲಿ, ಪರದೇಶದವನ ನುಡಿಯೇ ಅಲ್ಲಿ ನಗುವಿನ ಸಾಮಗ್ರಿ. ಉಪಚಾರವೇ ಅಲ್ಲಿ ಬಲೆ. ಪ್ರೇಕ್ಷಕರಿಗೆ ವಿನೋದ ಸಿಕ್ಕಿತು. ‘ಕ್ಸೆನೊಸ್’ ಎಂಬ ಮಾತಿನಲ್ಲಿದ್ದ ಅತಿಥಿ ಕಾಣೆಯಾಗಿ ಪರಕೀಯನೊಬ್ಬನೇ ಉಳಿದ.

ಹಳೆಯ ಕಾಲದಲ್ಲಿ ಮಾತ್ರ ಹೀಗಾಯಿತೆಂದು ತಿಳಿಯಬಾರದು. 1950 ಮತ್ತು 60ರ ದಶಕಗಳಲ್ಲಿ ಗ್ರೀಸಿನ ಸರ್ಕಾರ ಪ್ರವಾಸಿಗಳಿಗಾಗಿ ಸುಂದರವಾದ ತಾಣಗಳಲ್ಲಿ ಹೋಟೆಲುಗಳನ್ನು ಕಟ್ಟಿಸಿ ಅವಕ್ಕೆ ‘ಕ್ಸೆನಿಯ’ ಎಂಬ ಹಳೆಯ ಹೆಸರನ್ನೇ ಇಟ್ಟಿತು. ಅತಿಥಿಧರ್ಮದ ಹೆಸರು ವ್ಯಾಪಾರಕ್ಕೆ ಬಂತು. ಅದರಲ್ಲಿ ದೋಷವಿಲ್ಲ, ನಮ್ಮಲ್ಲಿಯೂ ತೈತ್ತಿರೀಯೋಪನಿಷತ್ತಿನ ಉಪದೇಶ ಪ್ರವಾಸೋದ್ಯಮದ ಜಾಹೀರಾತಾಗಿದೆ. ಆದರೆ 2012ರ ಆಗಸ್ಟಿನಲ್ಲಿ ದಾಖಲೆಯಿಲ್ಲದ ವಲಸಿಗರನ್ನು ಬೀದಿಬೀದಿಯಲ್ಲಿ ಹಿಡಿದು ವಿಚಾರಿಸುವ ಪೊಲೀಸ್ ಕಾರ್ಯಾಚರಣೆಗೆ ಅಲ್ಲಿ ಇಟ್ಟ ಹೆಸರು ‘ಕ್ಸೆನಿಯೊಸ್ ಜೀಯಸ್’. ಅತಿಥಿಯನ್ನು ಕಾಯುವ ದೇವರ ಬಿರುದು, ಅಪರಿಚಿತನನ್ನು ಹಿಡಿಯುವ ಕೆಲಸಕ್ಕೆ! ಅದೇ ವರ್ಷ ಅವರನ್ನು ಕೂಡಿಹಾಕಿದ ಶಿಬಿರಗಳಿಗೆ ‘ಮುಚ್ಚಿದ ಫಿಲೊಕ್ಸೆನಿಯ ಕೇಂದ್ರ’ವೆಂದು ಸರ್ಕಾರಿ ಹೆಸರು. ಇದನ್ನು ಇಂಗ್ಲಿಷಿಗೆ ಅನುವಾದಿಸುವವನು ‘ಹಾಸ್ಪಿಟ್ಯಾಲಿಟಿ’ ಎಂದು ಬರೆದರೆ ಪದಕ್ಕೆ ಸರಿ, ವಸ್ತುಸ್ಥಿತಿಗೆ ತಪ್ಪು.

ಮೂರು ವರ್ಷಗಳ ಬಳಿಕ, 2015ರಲ್ಲಿ, ಯುದ್ಧದಿಂದ ಓಡಿಬಂದ ಎಂಟು ಲಕ್ಷಕ್ಕೂ ಹೆಚ್ಚು ಮಂದಿ ಸಮುದ್ರ ದಾಟಿ ಗ್ರೀಸಿನ ತೀರಕ್ಕೆ ಬಂದರು. ಲೆಸ್ಬೊಸ್ ಮೊದಲಾದ ದ್ವೀಪಗಳಲ್ಲಿ ಬೆಸ್ತರೂ ಮುದುಕಿಯರೂ ನೀರಿಗಿಳಿದು ಅವರನ್ನು ದಡ ಹತ್ತಿಸಿದರು. ಒಣಬಟ್ಟೆ ಕೊಟ್ಟರು, ಹಸುಗೂಸುಗಳಿಗೆ ಹಾಲು ಕುಡಿಸಿದರು. ಹೆಸರನ್ನು ಆಮೇಲೆ ಕೇಳಿದರು. ಅದಕ್ಕೂ ‘ಫಿಲೊಕ್ಸೆನಿಯ’ ಎಂದೇ ಹೆಸರು. ಒಂದೇ ದೇಶ, ಒಂದೇ ಮಾತು.

ಆದ್ದರಿಂದ ಇಂಥ ಮಾತುಗಳನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಒಯ್ಯುವವನು ನಿಘಂಟನ್ನು ತೆರೆಯುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಬಂದವನು ಯಾರು: ಕರೆಸಿಕೊಂಡವನೆ, ಹಣ ಕೊಟ್ಟವನೆ, ಗತಿಯಿಲ್ಲದೆ ಬಂದವನೆ? ಅವನಿಗೆ ಕೊಟ್ಟದ್ದೇನು: ಊಟವೆ, ಆಟವೆ? ಆಟವಾದರೆ ಅದು ಚಿಂತೆಯನ್ನು ಚದುರಿಸಿತೆ, ಮನಸ್ಸನ್ನು ಒಂದು ದಾರಿಗೆ ಹಚ್ಚಿತೆ? ಇವಕ್ಕೆ ಉತ್ತರ ಸಿಕ್ಕಿದರೆ ಸರಿಯಾದ ಪದ ತಾನಾಗಿ ಮುಂದೆ ಬರುತ್ತದೆ. ಉತ್ತರ ಸಿಕ್ಕದೆ ಆರಿಸಿದ ಪದ ಎಷ್ಟು ಚೆಲುವಾಗಿದ್ದರೂ ಓದುವವನನ್ನು ತಪ್ಪು ಬಾಗಿಲಿಗೆ ಕಳುಹಿಸುತ್ತದೆ. ಅಪರಿಚಿತನಿಗೂ ಅತಿಥಿಗೂ ಒಂದೇ ಮಾತನ್ನು ಇಟ್ಟುಕೊಂಡ ಜನ, ಆ ಮಾತನ್ನು ಉಚ್ಚರಿಸಿದಾಗಲೆಲ್ಲ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ಬೇರೆ ಬೇರೆ ಮಾತುಗಳಿರುವ ನಮಗೂ ಆ ಆಯ್ಕೆ ತಪ್ಪಿದ್ದಲ್ಲ.